ಹತ್ತಬಾರದಿದ್ದ ಟ್ಯೂಬ್‌ಲೈಟು

ಅವನು ಏಣಿಯ ಎರಡನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಅವಳು ಬಂದು ಏಣಿಯನ್ನೇ ಹಿಡಿದು ನಿಂತಳು.

“ಯಾರು ಕಂಪ್ಲೇಂಟ್ ಕೊಟ್ಟಿದ್ದು?”

“ಯಾರೂ ಇಲ್ಲ. ರೂಟೀನ್ ಚೆಕ್ಕಿಂಗ್.”

“ಈ ವಾರ್ಡಲ್ಲಿ ಒಂಬತ್ತು ಫ್ಯಾನ್ ಇದಾವೆ. ನೀವು ಸೀದಾ ಬಂದು ನಮ್ಮ ಬೆಡ್ ಪಕ್ಕಾನೇ ಏಣಿ ಹಾಕಿದ್ರಿ. ಇದ್ಯಾವ ಸೀಮೆ ರೂಟೀನು?”

ಆಸ್ಪತ್ರೆಯ ಎಲೆಕ್ಟ್ರಿಷಿಯನ್ ಆಗಿ ಏಳು ವರ್ಷ ಕಳೆದಿದ್ದ. ಫ್ಯಾನು ರಿಪೇರಿ ಮಾಡಲಿಲ್ಲವೆಂದು ಬೈಸಿಕೊಂಡಿದ್ದನೇ ಹೊರತು, ಮಾಡಲು ಬಂದದ್ದಕ್ಕೆ ಬೈಸಿಕೊಂಡದ್ದು ಇದೇ ಮೊದಲು. ಕೆಳಗೆ ನೋಡಿದ. ಅವಳ ಕುತ್ತಿಗೆಗೆ ಅಳತೆ ಟೇಪು ಜೋತುಬಿದ್ದಿತ್ತು. ತೋಳಿಗೆ ನೀಲಿ ದಾರದ ಎಳೆಯೊಂದು ಅಂಟಿತ್ತು. ಹುಬ್ಬು ಗಂಟಿಕ್ಕಿತ್ತು, ಆದರೆ ಕಣ್ಣು ಸಿಟ್ಟಿನಿಂದಲ್ಲ, ನಿದ್ದೆಗೆಟ್ಟು ಕೆಂಪಾಗಿತ್ತು. ಬೇಕಾದ್ದಕ್ಕಿಂತ ಒಂದೆರಡು ಕ್ಷಣ ಹೆಚ್ಚೇ ನೋಡಿದ.

ಹಾಸಿಗೆಯ ಮೇಲಿದ್ದವಳು ಅವಳ ತಂಗಿ. ಇಪ್ಪತ್ತು ವರ್ಷ, ರಕ್ತದ ಕ್ಯಾನ್ಸರು. ತಲೆಗೆ ಅಕ್ಕ ಹೊಲಿದುಕೊಟ್ಟ ಹೂವಿನ ಟೋಪಿ ಹಾಕಿಕೊಂಡಿದ್ದಳು.

“ಬಿಡಕ್ಕಾ. ಮೂರು ದಿನದಿಂದ ಆ ಫ್ಯಾನು ಕಿರ್ ಅಂತ ತಲೆ ತಿಂತಿದೆ. ಕೂದಲಂತೂ ಹೋಯ್ತು, ತಲೆಯಾದ್ರೂ ಉಳೀಲಿ.”

“ಸರಿ, ಹತ್ತಿ ಅಣ್ಣ,” ಎಂದು ಅವಳು ಏಣಿ ಬಿಟ್ಟಳು.

“ಅಣ್ಣ ಅನ್ಬೇಡ. ನೋಡೋಕೆ ಚೆನ್ನಾಗಿದಾರೆ, ಈಗ್ಲೇ ಯಾಕೆ ಸಂಬಂಧ ಕೆಡಿಸ್ಕೋತೀಯಾ? ಫ್ಯಾನ್ ಸರ್ ಅನ್ನು.”

ಅಕ್ಕನ ಕಿವಿ ಕೆಂಪಾಯಿತು. ಮೇಲಿದ್ದವನ ಕೈಯಿಂದ ಸ್ಕ್ರೂಡ್ರೈವರ್ ಜಾರಿ ಬಿತ್ತು. ಎತ್ತಿಕೊಟ್ಟವಳು ಅವನ ಮುಖ ನೋಡಲಿಲ್ಲ, ಸ್ಕ್ರೂಡ್ರೈವರ್ ಚುಚ್ಚಿ ಚುಚ್ಚಿ ತೂತಾಗಿದ್ದ ಅವನ ಅಂಗಿಯ ಜೇಬು ನೋಡಿದಳು.

ಫ್ಯಾನಿನ ವಿಷಯ ಅವನಿಗೆ ತಿಳಿಸಿದವಳು ಅವಳೇ. ಅದು ಅವಳಿಗೆ ಗೊತ್ತಿರಲಿಲ್ಲ, ಅಷ್ಟೆ.

ಆಸ್ಪತ್ರೆಯ ನೆಲಮಹಡಿಯಲ್ಲಿ ಒಂದು ಪ್ರಾರ್ಥನಾ ಕೋಣೆ ಇತ್ತು. ಎಲ್ಲ ಧರ್ಮದವರಿಗೂ ಆಗಲೆಂದು ಗೋಡೆಗೆ ಏನನ್ನೂ ಹಾಕದೆ, ಆರು ಕುರ್ಚಿ ಮತ್ತು ಒಂದು ಮರದ ಪೆಟ್ಟಿಗೆ ಮಾತ್ರ ಇಟ್ಟಿದ್ದರು. ಬೇಡಿಕೆಯನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕಬೇಕು. ಶನಿವಾರ ಅವನ್ನೆಲ್ಲ ತೆಗೆದು, ಓದದೆ ಸುಡಬೇಕು. ಆ ಕೋಣೆ ಹಿಂದೆ ಸ್ವಿಚ್‌ಬೋರ್ಡುಗಳ ಕೋಣೆಯಾಗಿತ್ತು. ಹಾಗಾಗಿ ಕೀಲಿ ಎಲೆಕ್ಟ್ರಿಷಿಯನ್‌ಗಳ ಗೊಂಚಲಿನಲ್ಲೇ ಉಳಿದು, ಸುಡುವ ಕೆಲಸವೂ ಅವರ ಕೊರಳಿಗೇ ಬಿದ್ದಿತ್ತು.

ಅವನು ಕೆಲಸಕ್ಕೆ ಸೇರಿದ ವಾರ ಪೆಟ್ಟಿಗೆ ತೆರೆದಾಗ ಅದು ಕಂಠಮಟ್ಟ ತುಂಬಿತ್ತು. ವರ್ಷಗಟ್ಟಲೆ ಯಾರೂ ಮುಟ್ಟಿರಲಿಲ್ಲ. ತಳದಲ್ಲಿದ್ದ ನಾಲ್ಕು ಚೀಟಿಗಳು ಅವನದೇ ಕೈಬರಹದವು. ಅಮ್ಮ ಇದೇ ಆಸ್ಪತ್ರೆಯಲ್ಲಿ ಸಾಯುತ್ತಿದ್ದಾಗ, ಅವನಿಗೆ ಹದಿನೇಳಿದ್ದಾಗ ಬರೆದವು. ಕೊನೆಯದರಲ್ಲಿ, ‘ಉಳಿಸೋಕೆ ಆಗದಿದ್ರೆ ಬೇಡ, ನೋವಾದ್ರೂ ಕಡಿಮೆ ಮಾಡು’ ಎಂದಿತ್ತು. ನೋವು ಕಡಿಮೆಯಾಗಿರಲಿಲ್ಲ. ಕಡೆಗೂ ಆ ಚೀಟಿಯನ್ನು ಬರೆದವನೇ ಓದಬೇಕಾಯಿತು.

ದೇವರೆಂಬ ಮಾತು ಅವನ ಪಾಲಿಗೆ ಅಂದೇ ಮುಗಿಯಿತು. ಆದರೆ ಚೀಟಿಗಳನ್ನು ಓದದೆ ಸುಡಲು ಮತ್ತೆ ಅವನ ಕೈ ಏಳಲಿಲ್ಲ. ಮುಚ್ಚದ ಕಿಟಕಿ, ಬಿಸಿಯಾಗದ ಗೀಸರು, ಸತ್ತ ಪ್ಲಗ್ಗು, ಹೀಗೆ ಕೈಲಾದದ್ದನ್ನು ಮಾಡುತ್ತಿದ್ದ. ಉಳಿದದ್ದನ್ನು, ಅಂದರೆ ಹೆಚ್ಚುಕಡಿಮೆ ಎಲ್ಲವನ್ನೂ, ಸುಡುತ್ತಿದ್ದ.

ಅವಳ ಚೀಟಿಗಳನ್ನು ಗುರುತಿಸುವುದು ಸುಲಭವಿತ್ತು. ಟೇಲರ್ ಆದ್ದರಿಂದ ಅಳತೆ ಪುಸ್ತಕದಿಂದಲೇ ಹಾಳೆ ಹರಿಯುತ್ತಿದ್ದಳು. ಒಂದು ಬದಿಗೆ ಯಾರದೋ ಎದೆ, ಸೊಂಟ, ತೋಳು. ಇನ್ನೊಂದು ಬದಿಗೆ ದೇವರ ಜೊತೆ ಜಗಳ. ‘ದೇವರೇ, ಏಳನೇ ಬೆಡ್ಡಿನ ಫ್ಯಾನು ಕಿರುಗುಟ್ಟುತ್ತೆ. ದೊಡ್ಡದು ಕೇಳಿದ್ರೆ ಕಿವಿಗೆ ಹಾಕ್ಕೊಳ್ಳಲ್ಲ. ಚಿಕ್ಕದನ್ನಾದ್ರೂ ಮಾಡು.’ ಫ್ಯಾನು ಸರಿಯಾದ ಮರುದಿನ ಇನ್ನೊಂದು: ‘ಥ್ಯಾಂಕ್ಸ್. ಇಷ್ಟು ಬೇಗ ಮಾಡ್ತೀಯ ಅಂದ್ಕೊಂಡಿರ್ಲಿಲ್ಲ.’

ಅಲ್ಲಿಗೇ ನಿಲ್ಲಿಸಬೇಕಿತ್ತು. ಅವನು ನಿಲ್ಲಿಸಲಿಲ್ಲ. ಶನಿವಾರಕ್ಕೆಂದು ಇದ್ದ ಪೆಟ್ಟಿಗೆಯನ್ನು ದಿನವೂ ತೆರೆಯತೊಡಗಿದ.

‘ಹೊಲಿಯೋಕೆ ಬೆಳಕು ಸಾಲದು’ ಎಂದು ಬರೆದಳು. ಮರುದಿನ ಏಳನೇ ಬೆಡ್ಡಿನ ಪಕ್ಕ ಒಂದು ಪುಟ್ಟ ಲೈಟು ಬಂತು. ‘ತಂಗಿಗೆ ಕಾಲು ತಣ್ಣಗಾಗುತ್ತೆ’ ಎಂದಳು. ಕಿಟಕಿಯ ಸಂದಿಗೆ ರಬ್ಬರು ಪಟ್ಟಿ ಬಂತು. ಪ್ರತಿ ಸಲವೂ ಅವಳ ಮುಖ ಕೊಂಚ ಅರಳುತ್ತಿತ್ತು. ಆ ಮುಖ ನೋಡಲೆಂದೇ ಅವನು ಏಣಿಯ ಮೇಲೆ ಬೇಕೆಂದೇ ತಡಮಾಡುತ್ತಿದ್ದ.

ಒಂದು ದಿನ ಅವಳು ಕೈಚಾಚಿ, “ಅಂಗಿ ಕೊಡಿ. ಆ ಜೇಬು ನೋಡಿ ನೋಡಿ ನನಗೆ ತಲೆ ಕೆಟ್ಟಿದೆ,” ಎಂದಳು. ಅವನು ಬನಿಯನ್ನಿನಲ್ಲಿ, ಮೈ ಹಿಡಿ ಮಾಡಿಕೊಂಡು ಕುಳಿತ. ಜೇಬಿಗೆ ಒಳಗಿಂದ ದಪ್ಪ ಬಟ್ಟೆಯ ತುಂಡು ಕೊಟ್ಟು ಹೊಲಿದಳು. ಹಲ್ಲಿನಿಂದ ದಾರ ಕತ್ತರಿಸುವಾಗ ಅವಳ ಕಣ್ಣು ಮೇಲಕ್ಕೆದ್ದು ಅವನ ಕಣ್ಣಿಗೆ ಸಿಕ್ಕಿತು. ಇಬ್ಬರೂ ಒಟ್ಟಿಗೇ ಫ್ಯಾನು ನೋಡಿದರು.

“ನೋಡ್ತಾ ಇರಿ, ನೋಡ್ತಾ ಇರಿ. ಫ್ಯಾನಿಗೇ ನಾಚಿಕೆ ಆಗ್ತಿದೆ,” ಎಂದಳು ತಂಗಿ.

ಮರುದಿನದ ಚೀಟಿ ಓದಿ ಅವನಿಗೆ ಮೈಯೆಲ್ಲ ಬೆವರಿತು. ‘ದೇವರೇ, ಫ್ಯಾನ್ ಸರ್‌ಗೆ ಮದುವೆ ಆಗಿದೆಯಾ? ನಾನಾಗಿ ಕೇಳಲ್ಲ. ಹೇಗಾದ್ರೂ ತಿಳಿಸು.’ ಮಧ್ಯಾಹ್ನ ಯಾವುದೋ ಮಾತಿನ ನಡುವೆ, ಯಾರೂ ಕೇಳದಿದ್ದರೂ, “ಮನೇಲಿ ನಾನೊಬ್ಬನೇ,” ಎಂದ. ಅವಳು ತಲೆ ತಗ್ಗಿಸಿ ನಕ್ಕ ನಗು ಅವನಿಗಲ್ಲ, ದೇವರಿಗೆ. ಅದು ಗೊತ್ತಿದ್ದೂ ಖುಷಿಪಟ್ಟ.

ಆಮೇಲೆ ಅವನನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಅಳತೆ ತೆಗೆದಳು. ಒಂದು ಹೊಸ ಅಂಗಿ ಹೊಲಿದುಕೊಡುತ್ತಾಳಂತೆ. ಟೇಪು ಎದೆಯ ಸುತ್ತ ಬಂದಾಗ ಅವನು ಉಸಿರು ಬಿಗಿಹಿಡಿದ.

“ಉಸಿರು ಬಿಡಿ. ಆಮೇಲೆ ಬಿಗಿ ಆಗುತ್ತೆ.” ಬರೆದುಕೊಳ್ಳುತ್ತ ಕೇಳಿದಳು: “ನೀವು ದೇವರನ್ನ ನಂಬಲ್ವಂತೆ? ಸಿಸ್ಟರ್ ಹೇಳಿದ್ರು.”

“ಒಂದು ಸಲ ನಂಬಿದ್ದೆ. ನಾಲ್ಕು ಚೀಟಿ ಬರೆದಿದ್ದೆ. ಉತ್ತರ ಬರ್ಲಿಲ್ಲ.”

“ನಿಮ್ಮ ಕೈಬರಹ ಅರ್ಥ ಆಗಿರಲ್ಲ ಬಿಡಿ.” ನಕ್ಕು, ಮತ್ತೆ ಮೆತ್ತಗೆ ಹೇಳಿದಳು: “ನನಗೆ ಬರ್ತಿದೆ. ನಿಜವಾಗ್ಲೂ. ಇಲ್ಲದಿದ್ರೆ ನಾನು ಇಷ್ಟು ದಿನ ಎದ್ದು ನಿಲ್ತಿರ್ಲಿಲ್ಲ.”

ಹೇಳಿಬಿಡಬೇಕು ಎಂದುಕೊಂಡ. ನಾಲಿಗೆಯ ತುದಿಯವರೆಗೂ ಬಂತು. ಅಷ್ಟರಲ್ಲಿ ಅವಳು ವಾರ್ಡಿನ ಬಾಗಿಲ ಮೇಲಿದ್ದ ಟ್ಯೂಬ್‌ಲೈಟ್ ತೋರಿಸಿ, “ಊರವರ ಫ್ಯಾನೆಲ್ಲಾ ಸರಿ ಮಾಡ್ತೀರ, ಅದೊಂದು ಯಾಕೆ ಹೀಗೆ ಸತ್ತು ಬಿದ್ದಿದೆ?” ಎಂದಳು.

“ಗೋಡೆ ಒಳಗಿನ ವೈರೇ ಹೋಗಿದೆ. ನನಗಿಂತ ಮುಂಚೆ ಇದ್ದ ಇಬ್ಬರು ಕೈಬಿಟ್ಟಿದ್ದು. ಅದು ಹತ್ತಲ್ಲ.”

ಆ ವಾರದ ಕೊನೆಗೆ ಡಾಕ್ಟರಮ್ಮ ಅಕ್ಕನನ್ನು ಪಕ್ಕಕ್ಕೆ ಕರೆದರು. ಮೊದಲ ಚಿಕಿತ್ಸೆ ಹಿಡಿದಿಲ್ಲ. ಇನ್ನೊಂದು ಸುತ್ತು ಕೊಡಬಹುದು. ಬಹಳ ನೋವಿರುತ್ತದೆ, ಉಳಿಯುವ ಆಸೆ ನೂರಕ್ಕೆ ಐದೂ ಇಲ್ಲ. ಬೇಡವೆಂದರೆ ಮನೆಗೆ ಕರೆದುಕೊಂಡು ಹೋಗಿ, ನೋವಿಗೆ ಔಷಧಿ ಕೊಡುತ್ತೇವೆ. ತಂಗಿ ಇದನ್ನು ಊಹಿಸಿದ್ದಳು. “ಮನೆಗೆ ಹೋಗೋಣ ಅಕ್ಕಾ. ನಿನ್ನ ಮೆಷಿನ್ ಸದ್ದು ಕೇಳ್ಕೊಂಡು ಮಲಗ್ಬೇಕು ಅನ್ಸುತ್ತೆ,” ಎಂದಳಷ್ಟೆ.

ಸಂಜೆ ಪೆಟ್ಟಿಗೆಯಲ್ಲಿ ಒಂದೇ ಚೀಟಿ. ‘ದೇವರೇ, ನನ್ನ ಕೈಲಿ ಆಗ್ತಿಲ್ಲ. ಇನ್ನೊಂದು ಸುತ್ತು ಕೊಡಿಸ್ಬೇಕು ಅಂತಿದ್ರೆ ನಾಳೆ ಸಂಜೆಯೊಳಗೆ ಬಾಗಿಲ ಮೇಲಿನ ಟ್ಯೂಬ್‌ಲೈಟು ಹತ್ತಬೇಕು. ಹತ್ತದಿದ್ರೆ ಮನೆಗೆ ಕರ್ಕೊಂಡು ಹೋಗ್ತೀನಿ.’

ಅವನು ಚೀಟಿಯನ್ನು ಎರಡು ಸಲ ಓದಿದ. ಅಲ್ಲೇ ಕುರ್ಚಿಯ ಮೇಲೆ ಕುಳಿತ. ಸುಮ್ಮನಿದ್ದರೂ ಅದೊಂದು ಉತ್ತರವೇ. ಸುಮ್ಮನಿದ್ದರೆ ನಾಳಿದ್ದು ಏಳನೇ ಬೆಡ್ಡು ಖಾಲಿ. ಅಳತೆ ಟೇಪಿನವಳು ಯಾವುದೋ ಬೀದಿಯ ಯಾವುದೋ ಮನೆಯಲ್ಲಿ. ಮತ್ತೆ ನೋಡಲು ಯಾವ ನೆಪವಿದೆ? ಇಲ್ಲ, ಅದಕ್ಕಲ್ಲ, ಹುಡುಗಿ ಬದುಕಿಬಿಡಬಹುದು, ನೂರಕ್ಕೆ ಒಂದಾದರೂ ಆಸೆ ಆಸೆಯೇ ತಾನೇ, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಮರುದಿನ ಗೋಡೆಯ ವೈರಿನ ಸಹವಾಸಕ್ಕೇ ಹೋಗದೆ, ಸ್ಟೋರ್ ರೂಮಿನಿಂದ ಸೀಲಿಂಗಿನ ಮೇಲೆ ಹೊಸ ವೈರು ಎಳೆದ. ಸಂಜೆ ಐದಕ್ಕೆ ಟ್ಯೂಬ್‌ಲೈಟು ಎರಡು ಸಲ ಮಿಣುಕಿ ಹತ್ತಿಕೊಂಡಿತು.

ಅವಳು ಬಾಗಿಲಲ್ಲೇ ನಿಂತುಬಿಟ್ಟಳು. ಮುಖ ಅರಳಲಿಲ್ಲ. ಬಿಳುಚಿಕೊಂಡಿತು. ಅದು ಭಕ್ತಿಯೆಂದು ಅವನು ಭಾವಿಸಿದ.

ಅವಳು ಒಳಗೆ ಹೋದ ಮೇಲೆ ತಂಗಿ ಹೇಳಿದ್ದು ಕೇಳಿಸಿತು: “ದೇವರೇ ಹೇಳಿದ್ರೆ ಸರಿ ಬಿಡಕ್ಕಾ. ಇನ್ನೇನ್ಮಾಡೋದು.”

ಇನ್ನೊಂದು ಸುತ್ತು, ಹತ್ತೊಂಬತ್ತು ದಿನ. ಬಾಯೆಲ್ಲ ಹುಣ್ಣಾಗಿ ನೀರು ಇಳಿಯುತ್ತಿರಲಿಲ್ಲ. ಹೊದಿಕೆ ತಾಗಿದರೂ ಚೀರುತ್ತಿದ್ದಳು. ಕೊನೆಕೊನೆಗೆ ಚೀರಲೂ ಆಗುತ್ತಿರಲಿಲ್ಲ. ಹುಡುಗಿಯ ತಮಾಷೆಗಳೆಲ್ಲ ಮೊದಲ ವಾರದಲ್ಲೇ ಮುಗಿದವು. ಅವನು ಮಾಡಲು ಏನೂ ಇಲ್ಲದೆ ದಿನಕ್ಕೆ ನಾಲ್ಕು ಸಲ ಬಂದು, ಸರಿಯಾಗಿಯೇ ಇದ್ದ ಫ್ಯಾನನ್ನು ನೋಡಿ ಹೋಗುತ್ತಿದ್ದ. ಪೆಟ್ಟಿಗೆಯಲ್ಲಿ ಅಳತೆ ಪುಸ್ತಕದ ಹಾಳೆ ಒಂದೂ ಇರುತ್ತಿರಲಿಲ್ಲ. ಇಪ್ಪತ್ತನೆಯ ದಿನ ಬೆಳಗ್ಗೆ ಏಳನೇ ಬೆಡ್ಡಿಗೆ ಪರದೆ ಎಳೆದರು.

ಎರಡು ವಾರದ ನಂತರ, ಶನಿವಾರ, ಪೆಟ್ಟಿಗೆ ಖಾಲಿ ಮಾಡಲು ಹೋದಾಗ ಅವಳು ಆ ಆರು ಕುರ್ಚಿಗಳಲ್ಲಿ ಒಂದರ ಮೇಲಿದ್ದಳು. ಮಡಿಲಲ್ಲಿ ಹೂವಿನ ಟೋಪಿ.

“ಡೆತ್ ಸರ್ಟಿಫಿಕೇಟ್ ತಗೊಳ್ಳೋಕೆ ಬಂದೆ. ಹಂಗೇ ದೇವರಿಗೆ ಬೈದು ಹೋಗೋಣ ಅಂತ,” ಎಂದಳು. “ಕೊಲ್ಲೋದಿದ್ರೆ ಸುಮ್ನೆ ಕೊಲ್ಬೇಕಿತ್ತು. ಟ್ಯೂಬ್‌ಲೈಟ್ ಯಾಕೆ ಹತ್ತಿಸಿದ?”

ಅವನು ಅವಳೆದುರು ಕುಳಿತ. “ಅದನ್ನ ಹತ್ತಿಸಿದ್ದು ನಾನು.”

“ಗೊತ್ತು. ದೇವರೇನು ಏಣಿ ತಗೊಂಡು ಬರ್ತಾನಾ? ನಿಮ್ಮ ಕೈಲಿ ಮಾಡಿಸಿದ.”

“ಇಲ್ಲ. ನಿಮ್ಮ ಚೀಟಿ ಓದಿ ಹತ್ತಿಸಿದೆ.”

ಅವನು ಗೊಂಚಲಿನಿಂದ ಪೆಟ್ಟಿಗೆಯ ಕೀಲಿ ಬಿಡಿಸಿ ತೋರಿಸಿದ. ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ಒಂದೊಂದೇ ಅವಳ ಲೆಕ್ಕಕ್ಕೆ ಬರುತ್ತಿರುವುದು ಅವನಿಗೆ ಕಾಣುತ್ತಿತ್ತು: ಫ್ಯಾನು, ಪುಟ್ಟ ಲೈಟು, ಕಿಟಕಿಯ ರಬ್ಬರು.

“ಮದುವೆ ಚೀಟಿನೂ?”

“ಹೂಂ.”

“ಯಾಕೆ ಹತ್ತಿಸಿದ್ರಿ?”

“ಅವಳು ಉಳೀಲಿ ಅಂತ. ನೀವು ಹೋಗ್ಬಾರ್ದು ಅಂತಾನೂ. ಯಾವುದು ಜಾಸ್ತಿ ಇತ್ತು ಅಂತ ಕೇಳಿದ್ರೆ...” ಅವನು ಕೀಲಿಯನ್ನು ಪೆಟ್ಟಿಗೆಯ ಮೇಲಿಟ್ಟ. “ನಿಮ್ಮನ್ನ ತುಂಬಾ ಇಷ್ಟಪಟ್ಟಿದ್ದೆ. ನಿಮ್ಮನ್ನ ಬಿಟ್ಟಿರೋಕಾಗದೆ ಹತ್ತಿಸಿದೆ.”

ಅವಳು ಟೋಪಿಯ ಅಂಚನ್ನು ಬೆರಳಿನಿಂದ ತೀಡಿದಳು.

“ಅದನ್ನೇ ಯಾಕೆ ಕೇಳಿದ್ದೆ ಗೊತ್ತಾ? ಅದು ಹತ್ತಲ್ಲ ಅಂತ ನೀವೇ ಹೇಳಿದ್ರಿ. ಅವಳನ್ನ ಮನೆಗೆ ಕರ್ಕೊಂಡು ಹೋಗ್ಬೇಕು ಅಂತ ನನ್ನ ಮನಸ್ಸಲ್ಲಿ ಆಗಿತ್ತು. ಆದ್ರೆ ನಾನೇ ಹೇಳೋಕೆ ಧೈರ್ಯ ಇರ್ಲಿಲ್ಲ. ದೇವರು ಬೇಡ ಅಂದ ಅಂತ ಆಗ್ಬೇಕಿತ್ತು, ಅಷ್ಟೇ.”

ಅವನು ಕುರ್ಚಿಯಿಂದ ಅರ್ಧ ಎದ್ದು ಮತ್ತೆ ಕುಳಿತ.

“ಇಷ್ಟು ದಿನ ಅವನ ಮೇಲೆ ಸಿಟ್ಟಿತ್ತು,” ಎಂದಳು. “ಸಿಟ್ಟು ಮಾಡ್ಕೊಳ್ಳೋಕಾದ್ರೂ ಒಬ್ಬ ಇದ್ದ. ಈಗ ನೋಡಿದ್ರೆ ಅಲ್ಲಿ ಯಾರೂ ಇರ್ಲಿಲ್ಲ. ನೀವಿದ್ರಿ. ನಿಮ್ಮನ್ನ ದ್ವೇಷ ಮಾಡೋಕೂ ಬರ್ತಿಲ್ಲ ನನಗೆ. ನಾನೂ ಇಷ್ಟಪಟ್ಟಿದ್ದು ಸುಳ್ಳಲ್ಲ.”

ಎದ್ದು ಹೋಗುವಾಗ ಅವನ ಮುಂದೆ ಒಂದು ಕ್ಷಣ ನಿಂತಳು. ಅವನ ಜೇಬಿನ ಮೂಲೆಯಲ್ಲಿ ಒಂದು ಹೊಲಿಗೆ ಬಿಟ್ಟಿತ್ತು. ರೂಢಿಯಿಂದ ಅವಳ ಕೈ ಮುಂದೆ ಬಂತು, ಅರ್ಧಕ್ಕೇ ನಿಂತಿತು, ಹಿಂದೆ ಹೋಯಿತು.

ಮುಂದಿನ ಶನಿವಾರ ಪೆಟ್ಟಿಗೆಯಲ್ಲಿ ಅಳತೆ ಪುಸ್ತಕದ ಹಾಳೆ ಒಂದಿತ್ತು. ಮೇಲೆ ‘ದೇವರೇ’ ಎಂದಿರಲಿಲ್ಲ.

‘ಫ್ಯಾನ್ ಸರ್, ಆ ಟ್ಯೂಬ್‌ಲೈಟ್ ತೆಗೆದುಬಿಡಿ. ನಾನು ಇನ್ನು ಈ ಕಡೆ ಬರಲ್ಲ. ಆದ್ರೂ ಅದು ಅಲ್ಲಿ ಉರೀತಿದೆ ಅಂತ ನೆನಪಾದ್ರೆ ನಿದ್ದೆ ಬರಲ್ಲ.’

ಹಾಳೆ ತಿರುಗಿಸಿದ. ಭುಜ ಹದಿನೆಂಟು. ಎದೆ ನಲವತ್ತು. ತೋಳು ಇಪ್ಪತ್ತನಾಲ್ಕು. ಜೇಬಿಗೆ ದಪ್ಪ ಬಟ್ಟೆ ಹಾಕಬೇಕು.

ಅವನು ಏಣಿ ಹೊತ್ತು ಮೇಲೆ ಹೋದ. ಏಳನೇ ಬೆಡ್ಡಿಗೆ ಆಗಲೇ ಬೇರೆ ಯಾರೋ ಬಂದಿದ್ದರು. ಅವರ ಮನೆಯವರು ಪಕ್ಕದಲ್ಲಿ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದರು. ಅವನು ಟ್ಯೂಬ್ ಬಿಚ್ಚುವುದನ್ನು ಕಂಡು ವಾರ್ಡಿನ ಸಿಸ್ಟರು ಓಡಿ ಬಂದರು.

“ಚೆನ್ನಾಗಿ ಉರೀತಿದೆಯಲ್ರೀ. ತೆಗೀರಿ ಅಂತ ಯಾರು ಕಂಪ್ಲೇಂಟ್ ಕೊಟ್ಟಿದ್ದು?”

ರೂಟೀನ್ ಎನ್ನಲು ಹೋಗಿ ಸುಮ್ಮನಾದ. ಟ್ಯೂಬು ಇನ್ನೂ ಬೆಚ್ಚಗಿತ್ತು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಇಳಿದ.

ಆ ವಾರದ ಚೀಟಿಗಳನ್ನೆಲ್ಲ ಅವನು ನಿಯಮದಂತೆ ಓದದೆಯೇ ಸುಟ್ಟ. ಒಂದನ್ನು ಮಾತ್ರ ಸುಡಲಿಲ್ಲ. ಅದು ಅವಳು ಹೊಲಿದ ಜೇಬಿನಲ್ಲಿತ್ತು.