ಸಲಾಡ್ ತಿನ್ನದ ಸೊಸೆ

ಮೊದಲು ವಾಂತಿ ಮಾಡಿಕೊಂಡವರು ಮನೆಯ ಹಿರಿಯರಾದ ಮೆನಿನ್. ಮಕ್ಕಳಿಗೂ ಸೊಸೆಗೂ ಅವರು ‘ಪಾಯ್’, ಅಂದರೆ ಅಪ್ಪ. ಕ್ರಿಸ್‌ಮಸ್ ಊಟ ಮುಗಿಸಿ, ಸಂಜೆಗೊಂದು ಗುಟುಕು ಫೆನಿ ಹಾಕೋಣವೆಂದು ಆರಾಮಕುರ್ಚಿಯಲ್ಲಿ ಒರಗಿದ್ದವರು ಇದ್ದಕ್ಕಿದ್ದಂತೆ ಹೊಟ್ಟೆ ಹಿಡಿದುಕೊಂಡು ಬಚ್ಚಲಿಗೆ ಓಡಿದರು. ಅವರ ಹಿಂದೆ, ಹಬ್ಬಕ್ಕೆಂದು ಬಂದಿದ್ದ ಮಗಳು ಲುರ್ದಿನ್. ಅವಳ ಹಿಂದೆ ಅಳಿಯ. ಕತ್ತಲಾಗುವಷ್ಟರಲ್ಲಿ ಮೂವರೂ ಮಡಗಾಂವ್ ಆಸ್ಪತ್ರೆಯಲ್ಲಿ, ಕೈಗೆ ಸಲೈನ್ ಚುಚ್ಚಿಸಿಕೊಂಡು ಮಲಗಿದ್ದರು.

ಗಟ್ಟಿಯಾಗಿ ನಿಂತಿದ್ದವಳು ಒಬ್ಬಳೇ— ಸೊಸೆ ಜೊವಿಟಾ. ಸಲಾಡ್ ಮಾಡಿದವಳೂ ಅವಳೇ. ಇನ್ನು ಕೇಳಬೇಕೆ?

ಚಿಂಚಿಣಿಯ ಆ ಮನೆಗೆ ಅವಳು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅತ್ತೆ ಮದುವೆಗೆ ಮೊದಲೇ ತೀರಿಹೋಗಿದ್ದರು. ಗಂಡ ಸಾವಿಯೊ ಹಡಗಿನ ಕೆಲಸಕ್ಕೆ ಹೋದವನು ಯಾವ ಕಡಲಿನಲ್ಲಿದ್ದನೋ! ಮನೆಯಲ್ಲಿ ಉಳಿದದ್ದು ಅವಳು ಮತ್ತು ಪಾಯ್. ತವರಿನಲ್ಲಿ ಅಪ್ಪನನ್ನು ಕಾಣದ ಹುಡುಗಿ, ಈ ಮುದುಕನನ್ನು ಜೀವಕ್ಕೆ ಹಚ್ಚಿಕೊಂಡಿದ್ದಳು.

ಆಸ್ಪತ್ರೆಯಿಂದ ಬಂದ ದಿನವೇ ಲುರ್ದಿನ್ ಅಪ್ಪನ ಕಪಾಟು ತೆರೆದು ಅಂಗಿಗಳನ್ನು ಚೀಲಕ್ಕೆ ತುರುಕತೊಡಗಿದಳು.

“ಬಾಯ್, ಏನು ಮಾಡ್ತಿದ್ದೀರಿ?” ಜೊವಿಟಾ ಬಾಗಿಲಲ್ಲೇ ನಿಂತು ನಾದಿನಿಯನ್ನು ಕೇಳಿದಳು.

“ಪಾಯ್ ಇನ್ನು ನಮ್ಮನೇಲಿರ್ತಾರೆ. ಮಡಗಾಂವಲ್ಲಿ. ಇಲ್ಲಿ ಬಿಟ್ರೆ ಮುಂದಿನ ಸಲ ಹೆಣ ಎತ್ಕೊಂಡು ಹೋಗ್ಬೇಕಾಗತ್ತೆ.”

“ನಾನೇನು ಬೇಕಂತ ಮಾಡಿದ್ನಾ?”

“ಬೇಕಂತಲೋ, ಬೇಜವಾಬ್ದಾರಿನೋ! ಎಲ್ಲರೂ ತಿಂದ್ವಿ, ನೀನು ಮಾತ್ರ ಸಲಾಡ್ ಮುಟ್ಲಿಲ್ಲ. ಯಾಕೆ ಮುಟ್ಲಿಲ್ಲ?”

ಜೊವಿಟಾ ತನ್ನ ಪಾಲನ್ನೂ ಪಾಯ್ ತಟ್ಟೆಗೆ ಬಡಿಸಿಬಿಟ್ಟಿದ್ದಳು. ಅವರಿಗೆ ಅಷ್ಟು ರುಚಿಸಿತ್ತು. ಅದನ್ನು ಈಗ ಹೇಳಿದರೆ ಇನ್ನೊಂದು ಗುಂಡಿಗೆ ತಾನೇ ಕಾಲಿಟ್ಟಂತೆ. ಕಣ್ಣೊರೆಸಿಕೊಂಡು ನೇರ ಎದುರುಮನೆಗೆ ನಡೆದಳು.

ಎದುರುಮನೆಯ ಒರ್ತೆನ್ಸಿಯಾ, ಕೇರಿಗೆಲ್ಲ ‘ಮಾವ್ಶಿ’ ಅಂದರೆ ಚಿಕ್ಕಮ್ಮ, ಸರಕಾರದ ಆಹಾರ ತಪಾಸಣೆಯಲ್ಲಿ ಕೂದಲು ನರೆಸಿಕೊಂಡು ನಿವೃತ್ತಳಾದವಳು. ಅವಳ ಸ್ಕೂಟರ್ ಸದ್ದು ಕೇಳಿದರೆ ಹೋಟೆಲಿನವರು ಹಿಂಬಾಗಿಲಿನಿಂದ ಪಾತ್ರೆ ಸಾಗಿಸುತ್ತಿದ್ದರಂತೆ.

“ಅಳೋದು ಆಮೇಲೆ,” ಎಂದಳು ಒರ್ತೆನ್ಸಿಯಾ, ಚಪ್ಪಲಿ ಮೆಟ್ಟುತ್ತ. “ಮೊದಲು ಫ್ರಿಜ್ ತೋರಿಸು.”

ಊಟದ ಕೋಣೆಯ ಮೂಲೆಯಲ್ಲಿ, ಜಗಲಿ ಕಡೆಯ ಕಿಟಕಿಗೆ ಒತ್ತಿಕೊಂಡು ಆ ಹಳೆಯ ಫ್ರಿಜ್ ಗುರ್ರೆನ್ನುತ್ತ ನಿಂತಿತ್ತು. ಲುರ್ದಿನ್ ಸೊಂಟಕ್ಕೆ ಕೈಯಿಟ್ಟು ಬಂದಳು.

“ಅದರಲ್ಲೇನು ನೋಡ್ತೀರಿ ಮಾವ್ಶಿ? ಸಲಾಡ್ ಪಾತ್ರೆ ತೊಳೆದಾಯ್ತು.”

“ಪಾತ್ರೆ ತೊಳೆದ್ರೆ ಏನಂತೆ, ಫ್ರಿಜ್ ಇದೆಯಲ್ಲ? ಜೊವಿಟಾ, ಸಲಾಡಿಗೆ ಏನೇನು ಹಾಕಿದ್ದೆ?”

“ಆಲೂಗಡ್ಡೆ, ಬೇಯಿಸಿದ ಕೋಳಿ. ಮೆಯೊನೈಸ್ ಮನೇಲೇ ಕಡೆದೆ.”

“ಹಸಿ ಮೊಟ್ಟೇದು?”

“ಹೂಂ. ಹಬ್ಬದ ಹಿಂದಿನ ಸಂಜೆ, ದೀಪ ಹಚ್ಚಿದ ಮೇಲೆ ಮಾಡಿದ್ದು. ಕಲಸಿದ ತಕ್ಷಣ ಒಳಗಿಟ್ಟೆ. ದೇವರಾಣೆ, ಹೊರಗೆ ಬಿಡಲೇ ಇಲ್ಲ. ಮಾರನೇ ಮಧ್ಯಾಹ್ನ ತೆಗೆದಾಗ ಚೆನ್ನಾಗೇ ತಣ್ಣಗಿತ್ತು.”

“ನೋಡಿದ್ರಾ? ಬಾಯಿಪಾಠ ಮಾಡ್ಕೊಂಡಿದ್ದಾಳೆ!” ಲುರ್ದಿನ್ ಮೂತಿ ತಿರುಗಿಸಿದಳು. “ಎಲ್ಲೋ ಹರಟೆ ಹೊಡೀತಾ ಹೊರಗೇ ಬಿಟ್ಟಿರ್ತಾಳೆ.”

ಒರ್ತೆನ್ಸಿಯಾ ಫ್ರಿಜ್ಜಿನ ಬಾಗಿಲು ತೆರೆದಳು. ಒಳಗೆ ಕತ್ತಲೆ.

“ದೀಪ?”

“ಬಲ್ಬ್ ಸುಟ್ಟು ತುಂಬಾ ದಿನ ಆಯ್ತು ಮಾವ್ಶಿ.”

“ಈ ಹಂದಿ ಸೊರ್ಪೊತೆಲ್ ಯಾರು ಮಾಡಿದ್ದು?”

“ನಾನು,” ಎಂದಳು ಲುರ್ದಿನ್, ಎದೆಯುಬ್ಬಿಸಿ. “ಹಬ್ಬಕ್ಕೆ ಮುಂಚೇನೇ ತಂದಿಟ್ಟಿದ್ದೆ. ಇವಳೂ ತಿಂದ್ಲು, ಏನೂ ಆಗ್ಲಿಲ್ಲ.”

“ಆಗಲ್ಲ. ನೀನು ವಿನೆಗರ್ ಸುರಿಯೋದಕ್ಕೆ ಹಂದಿಗೇ ಎಚ್ಚರ ಆಗ್ಬೇಕು.” ಒರ್ತೆನ್ಸಿಯಾ ಮೇಲಿನ ಹಿಮದ ಖಾನೆ ತೆರೆದು ಒಂದು ತಟ್ಟೆ ಹೊರಗೆಳೆದಳು. “ಇದೇನು, ಸಿಗಡಿಯಾ? ಯಾವಾಗ ಇಟ್ಟಿದ್ದು?”

“ಹಬ್ಬಕ್ಕೆ ಮುಂಚೆ. ಮುಟ್ಟೇ ಇಲ್ಲ,” ಎಂದಳು ಜೊವಿಟಾ.

“ಹೀಗೇ ಇಟ್ಟಿದ್ಯಾ?”

ಜೊವಿಟಾ ಬಗ್ಗಿ ನೋಡಿದಳು. ಹುಬ್ಬು ಗಂಟಾಯಿತು. “ಇಲ್ಲ ಮಾವ್ಶಿ. ಬೇಕಾದಷ್ಟೇ ತೆಗೆಯೋಕೆ ಅಂತ ಒಂದೊಂದನ್ನೂ ಬಿಡಿಸಿ ಹರಡಿದ್ದೆ...”

ಈಗ ತಟ್ಟೆಯಲ್ಲಿದ್ದದ್ದು ಒಂದೇ ಉಂಡೆ. ಅಡಿಯಲ್ಲಿ ಸಿಗಡಿಯ ನೀರು ನಸುಗೆಂಪಾಗಿ ಹರಿದು, ತಟ್ಟೆಯ ತುಂಬ ಗಾಜಿನಂತೆ ಹೆಪ್ಪುಗಟ್ಟಿತ್ತು.

“ಕರಗಿದೆ,” ಎಂದಳು ಒರ್ತೆನ್ಸಿಯಾ ಮೆಲ್ಲಗೆ. “ಕರಗಿ, ಹರಿದು, ಮತ್ತೆ ಗಟ್ಟಿಯಾಗಿದೆ. ಈ ಫ್ರಿಜ್ ನಿಂತಿತ್ತು— ಗಂಟೆಗಟ್ಟಲೆ. ಹಬ್ಬದ ರಾತ್ರಿ ಕರೆಂಟ್ ಹೋಗಿತ್ತಾ?”

“ಎಲ್ಲಿ ಹೋಗಿತ್ತು!” ಲುರ್ದಿನ್ ಕೈ ಝಾಡಿಸಿದಳು. “ಮಧ್ಯರಾತ್ರಿ ಪೂಜೆ ಮುಗಿಸಿ ಬರುವಾಗ ನಮ್ಮ ಜಗಲಿಯ ನಕ್ಷತ್ರದ ದೀಪ ಇಗರ್ಜಿ ರಸ್ತೆಯಿಂದಲೇ ಕಾಣ್ತಿತ್ತು. ಬೆಳಗಾಗೋವರೆಗೂ ಉರೀತಿತ್ತು ಅಂತ ಊರೇ ಹೇಳತ್ತೆ.”

ಒರ್ತೆನ್ಸಿಯಾಳ ಕೈ ತಟ್ಟೆಯ ಮೇಲೇ ನಿಂತಿತು. “ಊರಿಗೆಲ್ಲ ಕರೆಂಟಿದೆ. ಫ್ರಿಜ್ಜಿಗೆ ಮಾತ್ರ ಇಲ್ಲ. ಹಾಗಾದ್ರೆ...”

ಅವಳು ಜಗಲಿಗೆ ನಡೆದಳು. ಅಲ್ಲಿ ಕಂಬಳಿ ಹೊದ್ದು, ಸೊರಗಿದ ಮುಖದ ಪಾಯ್ ಕುಳಿತಿದ್ದರು. ಒರ್ತೆನ್ಸಿಯಾ ಅವರಿಗೊಂದು ನಗೆ ಕೊಟ್ಟು ಗೋಡೆ ನೋಡಿದಳು. ಜಗಲಿಯ ಸ್ವಿಚ್ ಸುಟ್ಟು ಕರ್ರಗಾಗಿತ್ತು. ನಕ್ಷತ್ರದ ತಂತಿ ಕಂಬ ಸುತ್ತಿ, ಕಿಟಕಿಯ ಸಂದಿಯಿಂದ ಊಟದ ಕೋಣೆಗೆ ಇಳಿದಿತ್ತು. ಅದು ಮುಟ್ಟುವ ಕಡೆ ಇದ್ದ ಪ್ಲಗ್ ಒಂದೇ— ಫ್ರಿಜ್ಜಿನದು.

ಜೊವಿಟಾಳೂ ನೋಡಿದಳು. ಅವಳಿಗೆ ಎಲ್ಲವೂ ತಿಳಿಯಿತು. ಸಂಜೆಯಾದರೆ ನಕ್ಷತ್ರ ಹಚ್ಚುವವರು ಯಾರೆಂದು ಆ ಮನೆಯಲ್ಲಿ ಯಾರಿಗೆ ಗೊತ್ತಿಲ್ಲ?

ಅವಳು ಒರ್ತೆನ್ಸಿಯಾಳ ತೋಳು ಹಿಡಿದು ಪಿಸುಗುಟ್ಟಿದಳು. “ಬೇಡ ಮಾವ್ಶಿ. ನನ್ನ ತಪ್ಪು ಅಂತಾನೇ ಇರ್ಲಿ.”

“ಹುಚ್ಚೀ! ಇವತ್ತು ಸುಮ್ನಿದ್ರೆ ಪಾಯ್ ಮಡಗಾಂವ್‌ಗೆ ಹೋಗ್ತಾರೆ, ಗೊತ್ತಾ?”

“ಏನದು ಗುಸುಗುಸು?” ಲುರ್ದಿನ್ ಹತ್ತಿರ ಬಂದಳು. “ಯಾರು ಮಾಡಿದ್ದು ಅಂತ ಹೇಳಿ!”

ಒರ್ತೆನ್ಸಿಯಾ ಕುರ್ಚಿ ಎಳೆದು ಪಾಯ್ ಎದುರು ಕುಳಿತಳು. “ಮೆನಿನ್, ನಕ್ಷತ್ರಕ್ಕೆ ಕರೆಂಟ್ ಎಲ್ಲಿಂದ ಕೊಟ್ರಿ?”

“ಫ್ರಿಜ್ಜಿನ ಪ್ಲಗ್ಗಿಂದ,” ಎಂದರು ಪಾಯ್, ಏನೂ ಅರಿಯದ ಮಗುವಿನ ಹಾಗೆ. “ಇಲ್ಲಿಯದು ಸುಟ್ಟುಹೋಯ್ತು. ಎಲೆಕ್ಟ್ರಿಶಿಯನ್ ಹಬ್ಬ ಮುಗಿಸ್ಕೊಂಡು ಬರ್ತೀನಂದ. ಅದಕ್ಕೇ ಹೊತ್ತು ಮುಳುಗಿದ ಮೇಲೆ ಫ್ರಿಜ್ಜಿಂದು ಕೀಳ್ತಿದ್ದೆ, ಬೆಳಿಗ್ಗೆ ಮತ್ತೆ ಸಿಗಿಸ್ತಿದ್ದೆ. ಮುಚ್ಚಿದ ಪೆಟ್ಟಿಗೆ ಅಲ್ವಾ, ತಣ್ಣಗೇ ಇರತ್ತಲ್ಲ?”

ಲುರ್ದಿನ್ ಕಿಟಕಿಯ ಸಂದಿಯ ತಂತಿಯತ್ತ ತಿರುಗಿದಳು.

“ಇರಲ್ಲ ಮೆನಿನ್,” ಎಂದಳು ಒರ್ತೆನ್ಸಿಯಾ, ಮೃದುವಾಗಿ. “ಹುಡುಗಿ ಸಲಾಡ್ ಇಟ್ಟಾಗ ಫ್ರಿಜ್ ಆಗಲೇ ಸತ್ತಿತ್ತು. ದೀಪ ಇಲ್ಲದ್ದಕ್ಕೆ ಅವಳಿಗೆ ತಿಳೀಲಿಲ್ಲ. ಹಸಿ ಮೊಟ್ಟೆ, ಕೋಳಿ, ಬೆಚ್ಚನೆ ಕತ್ತಲು— ಕ್ರಿಮಿಗಳಿಗೂ ರಾತ್ರಿಯಿಡೀ ಹಬ್ಬ! ಬೆಳಿಗ್ಗೆ ಮತ್ತೆ ತಣ್ಣಗಾದ್ರೆ ಅವು ಸಾಯಲ್ಲ; ವಾಸನೆ ಬರಲ್ಲ, ರುಚಿ ಕೆಡಲ್ಲ. ಹಿಂದಿನ ರಾತ್ರಿಗಳಲ್ಲಿ ಒಳಗಿದ್ದದ್ದು ಸೊರ್ಪೊತೆಲ್, ಉಪ್ಪಿನಕಾಯಿ. ವಿನೆಗರ್ ಕಾಯ್ತು. ಸಲಾಡಿಗೆ ಕಾಯೋರು ಯಾರೂ ಇರ್ಲಿಲ್ಲ. ಸಿಗಡಿ ಕರಗಿದ್ದು ಹೇಳ್ತು, ನಕ್ಷತ್ರ ಉರಿದದ್ದು ಹೇಳ್ತು. ನಾನು ಕೇಳಿಸ್ಕೊಂಡೆ, ಅಷ್ಟೆ.”

ಮುದುಕನ ಮುಖ ಬಾಡಿತು. “ಅಂದ್ರೆ... ನಾನಾ? ಇಷ್ಟು ಹೊತ್ತೂ ಈ ಮಗು ಬೈಸ್ಕೊಂಡಿದ್ದು ನನ್ನಿಂದ?”

“ರಾತ್ರಿಯಿಡೀ ಯಾಕೆ ಪಾಯ್ ಉರಿಸ್ಬೇಕಿತ್ತು?” ಲುರ್ದಿನ್ ಸಿಡುಕಿದಳು. “ಮಲಗೋವಾಗ ಆರಿಸೋಕಾಗಲ್ವಾ?”

ಪಾಯ್ ಸೊಸೆಯ ಕಡೆ ನೋಡಲಾರದೆ ನೆಲ ನೋಡಿದರು.

“ಇವಳು ರಾತ್ರಿ ನಿದ್ದೆ ಮಾಡ್ತಿರ್ಲಿಲ್ಲ. ಮದುವೆಯಾಗಿ ಮೊದಲ ಹಬ್ಬ, ಸಾವಿಯೊ ಇಲ್ಲ. ಕೋಣೇಲಿ ಓಡಾಡೋ ಸದ್ದು ಕೇಳ್ತಿತ್ತು. ನಕ್ಷತ್ರ ಹಚ್ಚಿದ ದಿನ ಅದರ ಬೆಳಕು ಇವಳ ಕಿಟಕಿಗೆ ಬಿತ್ತು, ಇವಳು ಮಲಗಿದ್ಲು. ಅದಕ್ಕೇ... ಆರಿಸೋಕೆ ಮನಸ್ಸಾಗ್ಲಿಲ್ಲ.”

ಜೊವಿಟಾಳಿಗೆ ದುಃಖ ಉಕ್ಕಿಬಂತು. ಅವಳು ನೆಲಕ್ಕೆ ಕುಸಿದು ಮಾವನ ಮಂಡಿಯ ಮೇಲೆ ತಲೆಯಿಟ್ಟು ಗಳಗಳನೆ ಅತ್ತಳು. ಪಾಯ್ ಅವಳ ತಲೆ ನೇವರಿಸುತ್ತ, “ತಪ್ಪಾಯ್ತು ಪುಟ್ಟಾ, ತಪ್ಪಾಯ್ತು” ಎನ್ನುತ್ತಲೇ ಇದ್ದರು.

ಒರ್ತೆನ್ಸಿಯಾ ಸದ್ದಿಲ್ಲದೆ ಮೆಟ್ಟಿಲಿಳಿದು ಹೊರಟಳು. ಲುರ್ದಿನ್ ಆಮೇಲೆ ಒಳಗೆ ಹೋಗಿ, ಚೀಲದಲ್ಲಿದ್ದ ಅಪ್ಪನ ಅಂಗಿಗಳನ್ನು ಒಂದೊಂದಾಗಿ ಕಪಾಟಿಗೆ ಸೇರಿಸಿದಳು. ಆಸ್ಪತ್ರೆಯಿಂದ ಬಂದಾಗಿನಿಂದ ಈ ಮನೆಯ ನೀರನ್ನೂ ಮುಟ್ಟಿರಲಿಲ್ಲ ಅವಳು.

ಅಡುಗೆಮನೆಯ ಬಾಗಿಲಿನಿಂದ ಅವಳ ದನಿ ಬಂತು. ಬಿಗುಮಾನ ಇನ್ನೂ ಪೂರ್ತಿ ಹೋಗಿರಲಿಲ್ಲ.

“ಏ ಜೊವಿಟಾ, ಅತ್ತಿದ್ದು ಸಾಕು. ಪಾಯ್‌ಗೆ ಗಂಜಿ ಮಾಡ್ತೀಯಲ್ಲ... ನಂಗೂ ಒಂದು ಬಟ್ಟಲು ಹಾಕು. ಹೊಟ್ಟೆ ಹಸೀತಿದೆ.”