ಗುರುತು ಹಾಕಿದ ಅರವತ್ತು ಏಡಿಗಳು

"ಕೈ ತೆಗೀರಿ! ಒಳಗೆ ಏಡಿ ಐತೆ!"

ಸೌಭಾಗ್ಯ ಬೆಚ್ಚಿಬೀಳುವಷ್ಟರಲ್ಲಿ ನಿಂಗರಾಜ್ ಅವಳ ಮಣಿಕಟ್ಟು ಹಿಡಿದು ಬಿಲದಿಂದ ಹೊರಗೆಳೆದಿದ್ದ. ಕೆಸರು ಮೆತ್ತಿದ ಅವನ ಅಂಗೈ ತಣ್ಣಗಿತ್ತು. ಅವಳ ಎದೆ ಮಾತ್ರ ಯಾಕೋ ಡವಡವ ಎನ್ನುತ್ತಿತ್ತು...

ದಾವಣಗೆರೆಯಲ್ಲಿ ಎಂ.ಎಸ್ಸಿ. ಪ್ರಾಣಿಶಾಸ್ತ್ರದ ಒಂದೇ ಕ್ಲಾಸಿನಲ್ಲಿ ವರ್ಷವಿಡೀ ಕೂತರೂ ಇಬ್ಬರೂ ಮಾತಾಡಿದವರಲ್ಲ. ಪ್ರಾಜೆಕ್ಟಿಗೆಂದು ಮೇಡಂ ಜೋಡಿ ಮಾಡಿದ್ದರಿಂದ ಅವಳು ಅವನ ಊರು ನಂದಿಗುಡಿಗೆ ಬಂದಿದ್ದಳು. ಒಂದು ಭತ್ತದ ಗದ್ದೆಯಲ್ಲಿ ಎಷ್ಟು ಏಡಿಗಳಿವೆ ಎಂದು ಅಂದಾಜು ಮಾಡಬೇಕಿತ್ತು.

ಒಂದಷ್ಟು ಏಡಿ ಹಿಡಿದು, ಗುರುತು ಹಾಕಿ ಬಿಡುವುದು. ಕೆಲವು ವಾರ ಬಿಟ್ಟು ಮತ್ತೆ ಹಿಡಿಯುವುದು. ಆಗ ಸಿಕ್ಕವುಗಳಲ್ಲಿ ಗುರುತಿನವು ಎಷ್ಟು ಎಂಬುದರಿಂದ ಗದ್ದೆಯ ಒಟ್ಟು ಸಂಖ್ಯೆ ಗೊತ್ತಾಗುತ್ತದೆ.

ಅಂದು ಸಿಕ್ಕಿದ್ದು ಅರವತ್ತು, ಹೆಚ್ಚಿನವು ಎಳೆಯವು. ಪ್ರತಿಯೊಂದರ ಬೆನ್ನ ಮೇಲೂ ಸೌಭಾಗ್ಯ ತನ್ನ ಕೆಂಪು ನೇಲ್ ಪಾಲಿಶ್ ಹಚ್ಚಿದಳು.

"ಒಂದ್ ಮಾತು ಹೇಳ್ಲಾ? ಯಾರಿಗೂ ಹೇಳಬ್ಯಾಡ್ರಿ ಮತ್ತೆ," ಎಂದ ನಿಂಗರಾಜ್. "ನಮ್ಮವ್ವ ಏಡಿ ಸಾರು ಮಾಡ್ತಾಳೆ. ಹೈಸ್ಕೂಲಿನಾಗೆ ಅದಕ್ಕೇ ನನ್ನ ಆಡ್ಕೊಂಡು ನಗ್ತಿದ್ರು. ಊಟದ ಡಬ್ಬಿ ತೆಗೆಯೋಕೂ ಹೆದರ್ತಿದ್ದೆ."

"ನಾನ್ಯಾಕೆ ಹೇಳ್ಲಿ?" ಎಂದಳು ಸೌಭಾಗ್ಯ. ಮನಸಾರೆ ಹೇಳಿದ್ದಳು.

ಮೂರ್ನಾಲ್ಕು ಸಲ ಗದ್ದೆಗೆ ಓಡಾಡುವಷ್ಟರಲ್ಲಿ ಬಹುವಚನ ಹೋಗಿ 'ನೀನು' ಬಂತು. ಬಸ್ಸಿನ ಕಿಟಕಿಯಲ್ಲಿ ಅವಳು ಒಬ್ಬಳೇ ನಗುವುದು ಶುರುವಾಯಿತು. ಗೆಳತಿ ಆಶಾ ಸುಮ್ಮನಿರುತ್ತಾಳೆಯೇ? "ಏನೇ, ನಂದಿಗುಡಿ ಸೊಸೆ!" ಎಂದು ಎಲ್ಲರೆದುರು ಕಿಚಾಯಿಸತೊಡಗಿದಳು.

ವರದಿ ಓದುವ ದಿನ ಬಂತು.

"ಎರಡನೇ ಸಲ ಹಿಡಿದ ನಲವತ್ತರಲ್ಲಿ ಗುರುತಿನದು ಒಂದೇ?" ಮೇಡಂ ಹುಬ್ಬೇರಿಸಿದರು. "ಈ ಲೆಕ್ಕದಲ್ಲಿ ಒಂದು ಸಣ್ಣ ಗದ್ದೆಯಲ್ಲಿ ಎರಡು ಸಾವಿರದ ನಾನೂರು ಏಡಿ ಆಗುತ್ತೆ! ಗುರುತಿನವು ಎಲ್ಲಿ ಹೋದವು?"

"ನಂದಿಗುಡಿ ಸೊಸೇನ ಕೇಳಿ ಮೇಡಂ..." ಹಿಂದಿನಿಂದ ಪಿಸುಮಾತು. ಕಿಸಕ್ಕನೆ ನಗು.

ಸೌಭಾಗ್ಯಳ ಮುಖ ಬಿಸಿಯಾಯಿತು. ನನಗೂ ಅವನಿಗೂ ಏನೂ ಇಲ್ಲ ಎಂದು ಈಗಲೇ ತೋರಿಸಬೇಕು...

"ಅವರ ಮನೇಲಿ ಏಡಿ ಸಾರು ಮಾಡ್ತಾರೆ ಮೇಡಂ. ಅಲ್ಲೇ ಹೋಗಿರಬೇಕು!"

ಇಡೀ ಕ್ಲಾಸು ಗೊಳ್ಳೆಂದಿತು. ನಿಂಗರಾಜ್ ಅವಳನ್ನೊಮ್ಮೆ ನೋಡಿದ. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಸಿಟ್ಟಿದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

ಮಾರನೇ ದಿನ ಅವನು ಬರಲಿಲ್ಲ. ಇಡೀ ವಾರ ಬರಲಿಲ್ಲ. ಫೋನೂ ಎತ್ತಲಿಲ್ಲ.

ಎಂಟನೇ ದಿನ ಸೌಭಾಗ್ಯ ನಂದಿಗುಡಿಗೆ ಹೋದಳು. ಬದುವಿನ ಮೇಲೆ ಅವನ ತಾಯಿ ಉಚ್ಚೆಂಗೆಮ್ಮ ಹುಲ್ಲು ಕೊಯ್ಯುತ್ತಿದ್ದರು.

"ಬಾರವ್ವ! ನಿಂಗ ದಾವಣಗೆರೆ ಹತ್ರ ಕರೂರಿನ ಫ್ಯಾಕ್ಟ್ರಿಗೆ ಕೆಲಸಕ್ಕೆ ಹೋಗ್ಯಾನೆ. ಓದು ಸಾಕಂತೆ. ಯಾಕಂತ ಕೇಳಿದ್ರೆ ಬಾಯಿ ಬಿಡವಲ್ಲ." ಸೆರಗಿನ ಗಂಟು ಬಿಚ್ಚಿದರು. "ಇವು ನಿಮ್ಮವೇ ಏನು ನೋಡು."

ತೆಳ್ಳನೆಯ ಖಾಲಿ ಚಿಪ್ಪುಗಳು. ಒಂದೊಂದರ ಮೇಲೂ ಕೆಂಪು ಬಣ್ಣ!

"ಎಳೇ ಏಡಿ ಬೆಳೆಯುವಾಗ ಪೊರೆ ಬಿಡ್ತಾವಲ್ಲ, ಹಂಗೆ ಬಿಟ್ಟಿದ್ದು. ಲೆಕ್ಕ ತಪ್ಪೀತು ಅಂತ ನಿಂಗ ಹೇಳಿದ್ನಾ, ತಿಂಗಳಿಂದ ನಾನು ಈ ಗದ್ದೆಯಾಗೆ ಒಂದ್ ಏಡೀನೂ ಮುಟ್ಟಿಲ್ಲ."

ಸೌಭಾಗ್ಯಳಿಗೆ ನಿಂತ ನೆಲವೇ ಸುಟ್ಟಂತಾಯಿತು. ಅಳುತ್ತಲೇ ಎಲ್ಲವನ್ನೂ ಹೇಳಿದಳು, ಒಂದು ಮಾತೂ ಮುಚ್ಚಿಡದೆ.

ಉಚ್ಚೆಂಗೆಮ್ಮ ಕುಡುಗೋಲು ಕೆಳಗಿಟ್ಟರು. ಆಮೇಲೆ ಮೆಲ್ಲಗೆ ಕೇಳಿದರು: "ನಾವು ತಿನ್ನೋದು ನಗೋ ಅಂಥಾದ್ದೇನವ್ವ?"

ಸೌಭಾಗ್ಯ ಆ ಚಿಪ್ಪುಗಳನ್ನು ಒಂದೊಂದಾಗಿ ಎತ್ತಿ ಕರ್ಚೀಫಿನಲ್ಲಿ ಕಟ್ಟಿಕೊಂಡಳು.

ಮರುದಿನ ಕ್ಲಾಸಿನಲ್ಲಿ ಸೌಭಾಗ್ಯ ಆ ಚಿಪ್ಪುಗಳನ್ನು ಮೇಡಂ ಮೇಜಿನ ಮೇಲಿಟ್ಟಳು. "ಏಡಿಗಳು ಎಲ್ಲೂ ಹೋಗಿಲ್ಲ ಮೇಡಂ. ಚಿಪ್ಪು ಕಳಚಿವೆ, ಗುರುತೂ ಅದರ ಜೊತೆ ಹೋಗಿದೆ. ಎಳೆಯವಕ್ಕೆ ಬಣ್ಣ ಹಚ್ಚುವ ಮುಂಚೆ ನಾನು ಯೋಚಿಸಬೇಕಿತ್ತು. ನಿಂಗರಾಜ್ ನನ್ನನ್ನು ನಂಬಿ ಹೇಳಿದ್ದನ್ನು ನಿಮ್ಮೆಲ್ಲರ ನಗೆಗೆ ಕೊಟ್ಟೆ. ನಾಚಿಕೆ ಪಡಬೇಕಾದವಳು ನಾನು."

ಈ ಸಲ ಯಾರೂ ನಗಲಿಲ್ಲ. ಆಶಾ ತಲೆ ತಗ್ಗಿಸಿದಳು.

ಅಂದೇ ಸಂಜೆ ಐದಕ್ಕೆ ಕರೂರಿನ ಫ್ಯಾಕ್ಟರಿ ಗೇಟಿನಿಂದ ನಿಂಗರಾಜ್ ಹೊರಬಂದ. ಅವಳನ್ನು ಕಂಡು ನಿಂತ.

"ಅವ್ವ ಫೋನ್ ಮಾಡಿದ್ಲು," ಎಂದ. "ಏಡಿ ತಿಂದ್ರು ಅಂದಿದ್ದಕ್ಕೆ ನೋವಾಗ್ಲಿಲ್ಲ ಸೌಭಾಗ್ಯ. ಆ ಸಾರಿನ ಮಾತು ನಿಂಗೊಬ್ಬಳಿಗೇ ಹೇಳಿದ್ದೆ."

"ನನಗೆ ಗೊತ್ತಿತ್ತು... ನಿಮ್ಮನೇಲಿ ತಿಂದಿಲ್ಲ ಅಂತ ಅವತ್ತೂ ಗೊತ್ತಿತ್ತು!" ಅವಳ ದನಿ ಒಡೆಯಿತು. "ನಿನ್ನ ಮೇಲೆ ಮನಸ್ಸಾಗೈತೆ ಅಂತ ಎಲ್ಲರಿಗೂ ಗೊತ್ತಾಗ್ತಿತ್ತು. ಅದನ್ನ ಮುಚ್ಚಿಡೋಕೆ ನಿನ್ನ ಮರ್ಯಾದೆ ತೆಗೆದೆ. ಕ್ಷಮಿಸು ಅನ್ನೋಕೂ ಮುಖ ಇಲ್ಲ ನಂಗೆ."

ಲಾರಿಯೊಂದು ಧೂಳೆಬ್ಬಿಸಿ ಹೋಯಿತು. ನಿಂಗರಾಜ್ ಕಣ್ಣೊರೆಸಿಕೊಂಡ. ಧೂಳಿಗೋ, ಮತ್ತೇತಕ್ಕೋ...

"ಮನಸ್ಸಾಗೈತಾ?" ಎಂದ ಕೊನೆಗೆ.

ಅವಳು ಹೌದೆಂದು ತಲೆಯಾಡಿಸಿದಳು.

"ನಂಗೂ," ಎಂದ ಅವನು. "ಆದ್ರೆ ಇನ್ನೂ ಸ್ವಲ್ಪ ನೋವೈತೆ."

"ಇರ್ಲಿ. ಕಾಯ್ತೀನಿ. ನಾಳೆ ಕ್ಲಾಸಿಗೆ ಬರ್ತೀಯಾ?"

"ಬಂದ್ರೆ... ಎಲ್ಲಿ ಕೂಡ್ಲಿ?"

"ನನ್ನ ಪಕ್ಕ," ಎಂದಳು ಸೌಭಾಗ್ಯ. "ಎಲ್ಲರಿಗೂ ಕಾಣೋ ಹಂಗೆ."