ಗಿಡ್ಡ ಗೇರ್ ರಾಡು

ತೊಂಬತ್ತಮೂರರ ಬೇಸಿಗೆಗೆ ನನ್ನ ಗಂಡ ಅಮರಗುಂಡಪ್ಪ ತೀರಿಕೊಂಡು ವರ್ಷವಾಗಿತ್ತು. ಅವರ ಜೀಪನ್ನು ನಾನೇ ಓಡಿಸುತ್ತಿದ್ದೆ. ಉದ್ದನೆಯ ಗೇರ್ ರಾಡನ್ನು ಮುಂದಕ್ಕೆ ತಳ್ಳಿದರೆ ನನ್ನ ಕೈಗೆ ಎಟುಕುತ್ತಿರಲಿಲ್ಲ. ಸಿಂಧನೂರಿಗೆ ಹೊಸದಾಗಿ ಬಂದಿದ್ದ ಮೆಕ್ಯಾನಿಕ್ ಗ್ಯಾನಪ್ಪ ಅದನ್ನು ಬಿಚ್ಚಿ ಗಿಡ್ಡನೆಯದೊಂದನ್ನು ಕೂಡಿಸಿದ. ಮಧ್ಯಾಹ್ನ ಒಬ್ಬನೇ ಟ್ರಯಲ್ ನೋಡಲು ಹೋದವನು ಬೇಗನೆ ತಿರುಗಿ ಬಂದು, ಎಡಗೈ ಒರೆಸಿಕೊಳ್ಳುತ್ತ ಇಳಿದ.

"ಅಕ್ಕಾರ, ಗೇರ್ ಹಾಕಾಕತ್ತಿದ್ದೆ, ನನ್ನ ಕೈ ಮ್ಯಾಲೆ ಯಾರೋ ಕೈ ಇಟ್ರು. ತಣ್ಣಗಿತ್ರಿ. ಹೆಬ್ಬೆರಳಿಗೆ ಉಗುರ ಇದ್ದಿಲ್ಲ."

ಜಾಕ್ ಜಾರಿ ನನ್ನ ಗಂಡನ ಹೆಬ್ಬೆರಳಿನ ಉಗುರು ಹೋಗಿತ್ತು. ಅವರನ್ನು ಗ್ಯಾನಪ್ಪ ಒಮ್ಮೆಯೂ ನೋಡಿರಲಿಲ್ಲ.

ನಾನು ಜೀಪು ಹತ್ತಿದೆ. ಮಸ್ಕಿಯ ಮನೆ ಮುಟ್ಟುವವರೆಗೂ ಗೇರಿನ ಮೇಲಿಂದ ಕೈ ತೆಗೆಯಲಿಲ್ಲ. ಆರು ವರ್ಷದಿಂದ ಹಾಗೆಯೇ ಓಡಿಸುತ್ತಿದ್ದೇನೆ. ನನ್ನ ಕೈ ಮೇಲೆ ಇನ್ನೂ ಯಾರೂ ಕೈ ಇಟ್ಟಿಲ್ಲ.